ಕೂತು ಕೇಳಿದ ವ್ಯಾಯಾಮ

ಸೋಂಕು ಬಂದ ಕೂಡಲೇ ನಮ್ಮ ವಿಶ್ವವಿದ್ಯಾಲಯ ಮಾಡಿದ ಮೊದಲ ಕೆಲಸ ಮೈದಾನಕ್ಕೆ ಬೀಗ ಹಾಕಿದ್ದು. ಎರಡನೆಯ ಕೆಲಸ, ದಿನಾ ತಪ್ಪದೆ ವ್ಯಾಯಾಮ ಮಾಡಿ ಎಂದು ಎಲ್ಲರ ಫೋನಿಗೂ ಮೆಸೇಜು ಕಳಿಸಿದ್ದು.

ಎಲ್ಲಿ ಮಾಡುವುದು ಎಂದು ಯಾರೂ ಕೇಳಲಿಲ್ಲ. ಸಿಬ್ಬಂದಿಯ ಕ್ವಾರ್ಟರ್ಸು ಬೆಂಕಿಪೆಟ್ಟಿಗೆ ಜೋಡಿಸಿಟ್ಟ ಹಾಗಿದೆ. ಒಬ್ಬರು ಕೈ ಚಾಚಿದರೆ ಇನ್ನೊಬ್ಬರ ಮೂಗಿಗೆ ತಾಗುತ್ತದೆ. ಮೂರನೇ ಮಹಡಿಯ ಅರ್ಥಶಾಸ್ತ್ರದ ಮೇಷ್ಟ್ರು ಮಾತ್ರ ಕೈ ಚಾಚುವ ಗೋಜಿಗೇ ಹೋಗಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಮುಗಿಯಿತು. ಪಾಠ ಅಲ್ಲೇ, ಮೀಟಿಂಗ್ ಅಲ್ಲೇ, ಊಟವೂ ಅಲ್ಲೇ. ಬಿಡುವಾದರೆ ವೆಬಿನಾರ್. ಬಡ್ತಿಗೆ ಸರ್ಟಿಫಿಕೇಟು ಬೇಕಲ್ಲ! 'ಜಡ ಬದುಕಿನ ಅಪಾಯಗಳು' ಎಂಬ ವೆಬಿನಾರನ್ನು ಅವರು ದಿಂಬಿಗೆ ಒರಗಿಕೊಂಡೇ ಪೂರ್ತಿ ಕೇಳಿದ್ದರು.

ಅವರ ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವರು. ನೋಡಿ ನೋಡಿ ಸಾಕಾಗಿ ಒಂದು ಸಂಜೆ ಹೇಳಿದರು, "ರೀ, ಒಂಚೂರು ಎದ್ದು ಓಡಾಡಬಾರದಾ? ಕುರ್ಚಿಗೆ ಬೇರು ಬಿಟ್ಟಿದ್ದೀರಿ."

"ತಲೆ ಕೆಲಸ ಮಾಡ್ತಿದೆ ಕಣೆ. ಅದೂ ವ್ಯಾಯಾಮಾನೇ."

"ಹಾಗಾದ್ರೆ ಇನ್ಮೇಲೆ ತಲೆ ಮೇಲೇ ನಡೀರಿ. ಕಾಲು ಬಿಚ್ಚಿ ಕಪಾಟಿಗೆ ಹಾಕ್ತೀನಿ."

ಅಷ್ಟರಲ್ಲಿ ಎದುರು ಮನೆಯ ಸೀಟಿ ಅಕ್ಕ ಮಾಸ್ಕ್ ಏರಿಸಿಕೊಂಡು ಬಾಗಿಲಲ್ಲಿ ನಿಂತರು. ದೈಹಿಕ ಶಿಕ್ಷಣ ವಿಭಾಗದವರು. ಮೈದಾನದಲ್ಲಿ ಅವರ ಸೀಟಿಗೆ ಬೆಚ್ಚದ ಹುಡುಗರಿರಲಿಲ್ಲ, ಆ ಹೆಸರು ಬಂದದ್ದು ಹಾಗೆ.

"ಮೇಷ್ಟ್ರೇ, ದೂರ ದೂರ ಇದ್ದು ಒಬ್ಬೊಬ್ಬರೇ ನಡೆಯೋದಕ್ಕೆ ಸರ್ಕಾರವೇ ಒಪ್ಪಿದೆ. ನಮ್ಮ ಮೈದಾನಕ್ಕೆ ಮಾತ್ರ ಇನ್ನೂ ಬೀಗ ಯಾಕೆ? ನೀವು ಸೋಂಕು ನಿಯಂತ್ರಣದ ಕಮಿಟಿಯಲ್ಲಿದ್ದೀರಿ, ಒಂದು ಮಾತು ಆಡಿ."

"ಅಯ್ಯೋ, ಯಾಕಮ್ಮ ಉಸಾಬರಿ? ಯಾರಿಗಾದ್ರೂ ಸೋಂಕು ಬಂದ್ರೆ ಜವಾಬ್ದಾರಿ ಯಾರದು? ಬೀಗ ಹಾಕೋಣ ಅಂತ ಕೈ ಎತ್ತಿದವನೇ ನಾನು. ಬೀಗ ಇದ್ರೆ ತಲೆನೋವಿಲ್ಲ."

"ನಮ್ಮ ಕುಲಪತಿ ದೊಡ್ಡ ಸಾಹೇಬರು ಬೆಳಿಗ್ಗೆ ಹಿಂದಿನ ಗೇಟಿಂದ ನಾಯಿ ಕರ್ಕೊಂಡು ಅದೇ ಮೈದಾನ ಸುತ್ತುತ್ತಾರಲ್ಲ, ನಾಯಿಗೆ ಮಾತ್ರ ಸೋಂಕು ಬರಲ್ವಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಯಾಕೆ ಬಿಡಿ. ನಮ್ಮ ವಿಭಾಗದಿಂದ 'ಮನೆಯಲ್ಲೇ ವ್ಯಾಯಾಮ' ಅಂತ ವೆಬಿನಾರ್ ಇಟ್ಟಿದ್ದೀವಿ. ನಾನೇ ಸಂಚಾಲಕ. ನೀವೇ ಬಂದು ಮಾತಾಡಬೇಕು."

ಸೀಟಿ ಅಕ್ಕ ನಕ್ಕರು. ಖುಷಿಯ ನಗೆಯಾಗಿರಲಿಲ್ಲ ಅದು. ಆದರೂ ಒಪ್ಪಿದರು.

ವೆಬಿನಾರಿನ ದಿನ ಪರದೆ ತುಂಬ ಹೆಸರುಗಳು, ಮುಖ ಒಂದೂ ಇಲ್ಲ. ಸ್ವಾಗತ, ಪ್ರಾಸ್ತಾವಿಕ, ಪರಿಚಯ, ಗಣ್ಯರ ಸಂದೇಶ ಎಂದು ಹೊತ್ತೆಲ್ಲ ಕಳೆಯಿತು. ಕೊನೆಗೆ ಸೀಟಿ ಅಕ್ಕ ತಮ್ಮ ಮನೆಯಿಂದ ಮಾತಿಗೆ ಬಂದರು.

"ನಾನು ಭಾಷಣ ಮಾಡಲ್ಲ. ಎಲ್ಲರೂ ಕ್ಯಾಮೆರಾ ಹಾಕಿ ಎದ್ದು ನಿಲ್ಲಿ."

ಒಂದೊಂದೇ ಮುಖ ಮೂಡಿತು. ಕೆಲವರು ಮಂಚದಲ್ಲಿ, ಕೆಲವರು ತಟ್ಟೆಯ ಮುಂದೆ. ಮೇಲೆ ಕೋಟು ಕೆಳಗೆ ಚಡ್ಡಿ ತೊಟ್ಟ ಒಬ್ಬರು ಅರ್ಧ ಎದ್ದು ಗಾಬರಿಯಿಂದ ಮತ್ತೆ ಕೂತರು.

"ಸಂಚಾಲಕರೇ, ನೀವಾದ್ರೂ ಎದ್ದು ತೋರಿಸಿ."

ಮೇಷ್ಟ್ರು ಎದ್ದರು. ಎಡಗಾಲು ಊರಿದ್ದೇ ತಡ, "ಅಮ್ಮಾ" ಎಂದು ಮೇಜು ಹಿಡಿದು ಕುಸಿದರು.

ಪರದೆಯಲ್ಲಿ ಸೀಟಿ ಅಕ್ಕನ ಚೌಕ ಖಾಲಿಯಾಯಿತು. ಮರುಗಳಿಗೆಗೆ ಮೇಷ್ಟ್ರ ಮನೆಯ ಬಾಗಿಲು ದಡಬಡಿಸಿತು.

"ಕಾಲು ಜೋಮು ಹಿಡಿದಿರಬೇಕು, ಎಣ್ಣೆ ಹಾಕಿ ತಿಕ್ತೀನಿ," ಎನ್ನುತ್ತಿದ್ದರು ಹೆಂಡತಿ.

"ತಿಕ್ಕಬೇಡ!" ಎಂದು ಒಳಗೆ ಬಂದ ಅಕ್ಕ ಕಿರುಚಿದರು. "ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡು. ಒಂದೇ ಊದಿದೆ. ಮೀನಖಂಡ ಬಿಸಿಯಾಗಿದೆ. ಎಷ್ಟು ದಿನ ಆಯ್ತು ಮೇಷ್ಟ್ರೇ?"

"ನಾಲ್ಕೈದು ದಿನದಿಂದ ಎಳೀತಿತ್ತು... ಕೂತಿದ್ರೆ ಗೊತ್ತಾಗ್ತಿರಲಿಲ್ಲ."

"ಉಸಿರು?"

"ಬೆಳಿಗ್ಗೆಯಿಂದ ಎದೆ ಹಿಡಿದ ಹಾಗಿದೆ."

"ನನಗ್ಯಾಕ್ರೀ ಹೇಳಲಿಲ್ಲ?" ಎಂದು ಹೆಂಡತಿ ಅತ್ತುಬಿಟ್ಟರು.

"ಅಳೋದು ಆಮೇಲೆ. ಮೊದಲು ಆಂಬುಲೆನ್ಸ್ ಕರಿ," ಎಂದರು ಅಕ್ಕ.

ಆಂಬುಲೆನ್ಸಿಗೆ ಕಾಯುವಾಗ ಕಂಪ್ಯೂಟರ್ ಹಾಗೇ ತೆರೆದಿತ್ತು. ಸಂಚಾಲಕರಿಗೆ ಏನಾಯಿತು ಎಂದು ಕೇಳಿದವರು ಒಬ್ಬರೋ ಇಬ್ಬರೋ. ಉಳಿದವರದೆಲ್ಲ ಒಂದೇ ಪ್ರಶ್ನೆ: ಸರ್ಟಿಫಿಕೇಟಿನ ಲಿಂಕ್ ಯಾವಾಗ ಹಾಕ್ತೀರಿ?

ಆಸ್ಪತ್ರೆಯಲ್ಲಿ ವೈದ್ಯರು ಮುಚ್ಚುಮರೆ ಮಾಡಲಿಲ್ಲ. "ಅಲುಗಾಡದೆ ಕೂತು ಕೂತು ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದರ ಚೂರು ಶ್ವಾಸಕೋಶಕ್ಕೆ ಹೋಗಿದೆ. ಕಾಲು ತಿಕ್ಕಿದ್ರೆ ಇನ್ನಷ್ಟು ಚೂರು ಹೋಗ್ತಿತ್ತು. ಇನ್ನೂ ತಡವಾಗಿದ್ರೆ ಈ ಮಾತನ್ನ ನಿಮಗೆ ಹೇಳ್ತಿರಲಿಲ್ಲ ಮೇಷ್ಟ್ರೇ, ನಿಮ್ಮ ಮನೆಯವರಿಗೆ ಹೇಳ್ತಿದ್ದೆ."

ಜೀವ ಉಳಿಯಿತು. ಮೊದಲಿನ ದಮ್ಮು ಉಳಿಯಲಿಲ್ಲ. ತಮ್ಮ ಮನೆಯ ಮೆಟ್ಟಿಲು ಹತ್ತಲು ಮೇಷ್ಟ್ರು ಈಗ ಪ್ರತಿ ತಿರುವಿನಲ್ಲೂ ಗೋಡೆ ಹಿಡಿದು ನಿಲ್ಲುತ್ತಾರೆ.

ಈಗ ಆ ಮನೆಯಲ್ಲಿ ಯಾರೂ ಒಂದೇ ಸಮ ಕೂರುವುದಿಲ್ಲ. "ಏಳ್ರೀ" ಎಂದು ಹೆಂಡತಿ ಗದರುವ ಮೊದಲೇ ಮೇಷ್ಟ್ರು ಎದ್ದಿರುತ್ತಾರೆ. ಪಾಠದ ಮಧ್ಯೆ ಹುಡುಗರನ್ನೂ ಎಬ್ಬಿಸಿ, ಹಿಮ್ಮಡಿ ಎತ್ತಿ ಇಳಿಸಿ ಎನ್ನುತ್ತಾರೆ. ನಕ್ಕವರಿಗೆ ಪ್ಯಾಂಟು ಮಡಿಸಿ ಇನ್ನೂ ಊದಿಕೊಂಡೇ ಇರುವ ತಮ್ಮ ಎಡಗಾಲು ತೋರಿಸುತ್ತಾರೆ.

ಕಮಿಟಿಯಲ್ಲೂ ಎದ್ದು ನಿಂತೇ ಮಾತಾಡಿದರು. "ಬೀಗ ಹಾಕಿ ಅಂದಿದ್ದು ನನ್ನ ತಪ್ಪು. ತೆಗೆಯಿರಿ." ಪರಿಶೀಲಿಸೋಣ ಎಂದರು ದೊಡ್ಡ ಸಾಹೇಬರು. ಪರಿಶೀಲನೆ ಬೇಗನೇ ಮುಗಿಯಿತು. ಮೈದಾನದ ಬೀಗ ತೆಗೆಯಲಿಲ್ಲ, ಕಮಿಟಿಯಿಂದ ಮೇಷ್ಟ್ರನ್ನು ತೆಗೆದರು. ಈಗ ಸಂಜೆಯಾದರೆ ಮೇಷ್ಟ್ರು, ಅವರ ಹೆಂಡತಿ, ಸೀಟಿ ಅಕ್ಕ ಮತ್ತು ಕ್ವಾರ್ಟರ್ಸಿನ ಅರ್ಧ ಜನ ಮಾಸ್ಕ್ ಹಾಕಿ, ದೂರ ದೂರ ನಿಂತು, ಗೇಟಿನ ಮುಂದಿನ ರಸ್ತೆಯಲ್ಲೇ ನಡೆಯುತ್ತಾರೆ. ಕಾವಲಿನವರು ಬೈಯುತ್ತಾರೆ. ಇವರು ನಡೆಯುತ್ತಾರೆ.

ಓದುವ ಅಕ್ಕ ಅಣ್ಣಂದಿರೇ, ಇದನ್ನು ಕೂತು ಓದುತ್ತಿದ್ದರೆ ದಯವಿಟ್ಟು ಎದ್ದು ನಿಲ್ಲಿ. ಎಷ್ಟೇ ಕೆಲಸವಿರಲಿ, ಗಂಟೆಗೊಮ್ಮೆಯಾದರೂ ಎದ್ದು ಕೋಣೆಯಲ್ಲೇ ನಾಲ್ಕು ಹೆಜ್ಜೆ ಹಾಕಿ. ನೀರು ಕುಡಿಯಿರಿ. ಒಂದೇ ಕಾಲು ಊದಿ, ನೋವು ಬಂದು ಬಿಸಿಯಾದರೆ ತಿಕ್ಕಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯದೆ ಆಂಬುಲೆನ್ಸ್ ಕರೆಯಿರಿ. ನಡೆಯುವ ಜಾಗವನ್ನು ಮುಚ್ಚಿ ಆರೋಗ್ಯದ ಉಪದೇಶ ಕೊಡುವವರನ್ನು ಸುಮ್ಮನೆ ಬಿಡಬೇಡಿ, ನಾಲ್ಕು ಜನ ಸೇರಿ ಕೇಳಿ. ಪಕ್ಕದ ಮನೆಯವರು ಎರಡು ದಿನ ಕಾಣದಿದ್ದರೆ ಬಾಗಿಲು ತಟ್ಟಿ. ಮೇಷ್ಟ್ರಿಗೆ ಎದುರು ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಎಲ್ಲರ ಎದುರು ಮನೆಯಲ್ಲೂ ಇರುವುದಿಲ್ಲ.