ಬಾಯಿ ಮೇಲಿನ ಬೆರಳು

ಒಂದನೇ ತರಗತಿ ಅಂದರೆ ಸಂತೆ. ಆ ಸಂತೆಯನ್ನು ಟೀಚರಮ್ಮ ಒಂದೇ ಚಪ್ಪಾಳೆಯಲ್ಲಿ ತಣ್ಣಗೆ ಮಾಡುತ್ತಿದ್ದಳು. ಚಪ್ಪಾಳೆ ಬಿತ್ತೋ, ಅಷ್ಟೂ ಮಕ್ಕಳ ಬೆರಳು ಬಾಯಿ ಮೇಲೆ. "ಇಳಿಸಿ" ಅಂತ ಅವಳು ಹೇಳುವ ತನಕ ಮೂಗಿನ ಮೇಲೆ ನೊಣ ಕೂತರೂ ಬೆರಳು ಕದಲುವಂತಿಲ್ಲ. ಹೆಡ್‌ಮಾಸ್ಟರು ಹೊಸ ಟೀಚರುಗಳನ್ನು ಕರೆತಂದು ಕಿಟಕಿಯಿಂದ ತೋರಿಸುತ್ತಿದ್ದರು.

ಅವಳು ಅದನ್ನು ಕಲಿತದ್ದು ಗತಿಯಿಲ್ಲದೆ. ಹಾಡೆಂದರೆ ಅವಳಿಗೆ ಹುಚ್ಚು; ಪಾತ್ರೆ ತೊಳೆಯುವಾಗಲೂ ಹಾಡಬೇಕು, ಬಟ್ಟೆ ಹಿಂಡುವಾಗಲೂ ಹಾಡಬೇಕು. ಕೆಲಸಕ್ಕೆ ಸೇರಿ, ಕೂಗಿ ಕೂಗಿ ಗಂಟಲಲ್ಲಿ ಗಂಟು ಎದ್ದಾಗ ಡಾಕ್ಟರು, "ಇರೋ ದನಿ ಇಷ್ಟೇ ತಾಯಿ. ಶಾಲೆಗೋ ಮನೆಗೋ, ನೀವೇ ನೋಡ್ಕೊಳ್ಳಿ" ಅಂದರು. ಶಾಲೆ ಸಂಬಳ ಕೊಡುತ್ತಿತ್ತು. ಮನೆ ಎಲ್ಲಿಗೆ ಹೋಗುತ್ತೆ?

ಹಾಡು ನಿಂತಿತು. ಮನೆಗೂ ಚಪ್ಪಾಳೆಯೇ ಬಂತು. ಮಗಳು "ಅಮ್ಮಾ, ಇವತ್ತು ಏನಾಯ್ತು ಗೊತ್ತಾ" ಅಂತ ಓಡಿ ಬಂದರೆ ಒಂದು ಚಪ್ಪಾಳೆ, ಬಾಯಿಗೆ ಬೆರಳು. ಮಗಳು ಕಾಯುತ್ತಿದ್ದಳು. "ಇಳಿಸು" ಅನ್ನುವಷ್ಟರಲ್ಲಿ ಎಷ್ಟೋ ಸಲ ಮಗಳಿಗೆ ಕೂತಲ್ಲೇ ನಿದ್ದೆ. ಗಡಿಯಾರ ರಿಪೇರಿ ಮಾಡುವ ಗಂಡ ನಗುತ್ತಿದ್ದ: "ಊರಿಗೆ ಉಪಕಾರಿ ಕಣೇ ನೀನು. ನಮ್ಮನೇಲಿ ಬಾಯಿ ಇರೋದು ಗಡಿಯಾರಕ್ಕೆ ಮಾತ್ರ."

ನಿವೃತ್ತಿಯಾದ ಮೇಲೆ ಹಾಡೋಣ ಅಂತ ಬಾಯಿ ತೆರೆದರೆ ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಸದ್ದು. ಒಂದೇ ಆಸೆ ಉಳಿದಿತ್ತು, ಮೊಮ್ಮಗಳು. ಮಗಳು ಮತ್ತೆ ಕೆಲಸಕ್ಕೆ ಹೋಗುವವಳಿದ್ದಳು. ಮಗುವನ್ನು ಶಿಶುವಿಹಾರಕ್ಕೆ ಬಿಡುವುದೋ ಅಜ್ಜಿಯ ಹತ್ತಿರವೋ ಅಂತ ಇನ್ನೂ ತೀರ್ಮಾನವಾಗಿರಲಿಲ್ಲ. ಟೀಚರಮ್ಮ ವಾರವಿಡೀ ಬಚ್ಚಲಮನೆ ಬಾಗಿಲು ಹಾಕಿಕೊಂಡು ಒಂದು ಮಕ್ಕಳ ಹಾಡನ್ನು ಗಂಟಲಿಗೆ ಒಗ್ಗಿಸಿಕೊಂಡಳು.

ಭಾನುವಾರ ಮಗಳು ಬಂದಳು. ಮಗು ಹೊಸ್ತಿಲಲ್ಲೇ ಶುರು ಮಾಡಿತು: "ಅಜ್ಜೀ, ಬಸ್ಸಲ್ಲಿ ಒಂದು ನಾಯಿ ಇತ್ತು, ಅದು ನನ್ನ ನೋಡಿ, ಅಜ್ಜೀ ಕೇಳು, ಅದು..."

ದನಿ ಮತ್ತೆ ಕೈಕೊಡುವ ಮುಂಚೆ ಹಾಡಿಬಿಡಬೇಕೆಂಬ ಆತುರ ಅಜ್ಜಿಗೆ. ಕೈ ತಾನಾಗಿ ಎದ್ದಿತು. ಒಂದು ಚಪ್ಪಾಳೆ. ಬಾಯಿಗೆ ಬೆರಳು.

ಮಗು ಗಕ್ಕನೆ ನಿಂತಿತು. ಅಜ್ಜಿಯನ್ನೇ ನೋಡುತ್ತಾ ತನ್ನ ಬೆರಳನ್ನೂ ಬಾಯಿ ಮೇಲಿಟ್ಟುಕೊಂಡಿತು.

ಮಗಳು ಹೆಗಲಿನ ಬ್ಯಾಗು ಇಳಿಸುತ್ತಿದ್ದವಳು ಮತ್ತೆ ಏರಿಸಿಕೊಂಡಳು. "ಬೇಡಮ್ಮ."

"ಹಾಡು ಹೇಳ್ಕೊಡೋಣ ಅಂತ ಕಣೇ..."

"ನಾಯಿ ಏನ್ಮಾಡ್ತು ಅಂತ ಕೇಳೋಣ ಅನ್ನಿಸ್ಲಿಲ್ವಾ ನಿಂಗೆ? ನಾನು ಕಾದಿದ್ದು ಸಾಕು. ಇವಳು ಕಾಯೋದು ಬೇಡ."

"ಕೂತು ಮಾತಾಡೇ ಮಗಾ" ಅಂದ ಗಂಡ.

"ಈ ಮನೇಲಾ, ಅಪ್ಪ?"

ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟಳು. "ಕೂಗಿ ಕರಿಯೇ, ಹೋಗ್ತಿದ್ದಾಳೆ!" ಅಂತ ಗಂಡ ಹೆಂಡತಿಯ ಭುಜ ಅಲುಗಿಸಿದ. ಟೀಚರಮ್ಮ ಮೆಟ್ಟಿಲ ಕಂಬಿ ಹಿಡಿದು ಬಗ್ಗಿದಳು. ತಾಯಿಯ ಹೆಗಲ ಮೇಲಿಂದ ಮಗು ಇವಳನ್ನೇ ನೋಡುತ್ತಿತ್ತು, ಬೆರಳು ಇನ್ನೂ ಬಾಯಿ ಮೇಲೇ ಇತ್ತು.

"ಇಳಿಸು" ಅಂದಳು. ಪಕ್ಕದಲ್ಲಿದ್ದ ಗಂಡನಿಗೂ ಕೇಳಿಸಲಿಲ್ಲ.