ಅಮ್ಮನಿದ್ದ ಊರು

ಡಿಸೆಂಬರ್ ಎರಡನೆಯ ವಾರಕ್ಕೆ ಮಿನ್ನೆಸೋಟದ ಡುಲೂತಿನ ಬಂದರಿನಲ್ಲಿ ನೀರು ಕೆನೆಗಟ್ಟಿದ ಹಾಲಿನಂತೆ ಹೆಪ್ಪುಗಟ್ಟತೊಡಗಿತ್ತು. ಬೇರೆ ವರ್ಷಗಳಾಗಿದ್ದರೆ ಟೆಸ್ಸಾ ಹಾಲ್ವರ್ಸನ್ ದಿನಾ ಸರೋವರದ ದಂಡೆಗೆ ಹೋಗಿ ಮಂಜುಗಡ್ಡೆ ಎಲ್ಲಿಯವರೆಗೆ ಬಂತೆಂದು ನೋಡಿಬರುತ್ತಿದ್ದಳು. ಈ ಸಲ ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ತರಗತಿಯಲ್ಲಿರಲಿ, ಬಸ್ಸಿನಲ್ಲಿರಲಿ, ಕಣ್ಣೆಲ್ಲ ಫೋನಿನ ಮೇಲೆ. ಗುರುವಾರ ಸಂಜೆ ಬಾಸ್ಟನ್ನಿನ ವೆಸ್ಟ್‌ಬ್ರಿಜ್ ವಿಶ್ವವಿದ್ಯಾಲಯದ ಉತ್ತರ ಬರಲಿತ್ತು.

"ನೀನು ಹೀಗೇ ಕಾವು ಕೊಡ್ತಾ ಇದ್ರೆ ಆ ಫೋನು ಒಡೆದು ಮರಿ ಬರುತ್ತೆ ನೋಡು," ಎಂದಳು ಗೆಳತಿ ಬ್ರಿಟಾ, ಊಟದ ಮೇಜಿನಲ್ಲಿ ಟೆಸ್ಸಾಳ ತಟ್ಟೆಯ ಆಲೂಗೆಡ್ಡೆಗೆ ಕೈಹಾಕುತ್ತ.

"ನಿನಗೇನಮ್ಮ, ಮನೆಯಿಂದ ಇಳಿಜಾರಿನಲ್ಲಿ ಉರುಳಿದ್ರೆ ನಿನ್ನ ಕಾಲೇಜು ಸಿಗುತ್ತೆ."

"ಹೌದು ಕಣೇ, ಉರುಳ್ಕೊಂಡೇ ಹೋಗ್ತೀನಿ. ನೂರು ಕಡೆ ಅರ್ಜಿ ಹಾಕೋದು ಬಿಟ್ಟು ಒಂದೇ ಕಡೆ ಜೀವ ಇಟ್ಕೊಂಡು ಕೂತವಳು ನೀನು."

ಬ್ರಿಟಾ ಹೇಳಿದ್ದು ಸುಳ್ಳಲ್ಲ. ಉಳಿದವರು ವಸಂತದವರೆಗೆ ಕಾಯುವ ಅರ್ಜಿಗಳನ್ನು ಹಾಕಿದ್ದರು. ಟೆಸ್ಸಾ ಹಾಕಿದ್ದು 'ಅರ್ಲಿ ಡಿಸಿಷನ್'. ಹಾಗೆ ಕೇಳುವುದು ಒಂದೇ ಕಡೆ. ಉತ್ತರ ಬೇಗ ಬರುತ್ತದೆ. ಆದರೆ ಅವರು ಬಾ ಎಂದರೆ ಹೋಗಲೇಬೇಕು, ಬೇರೆ ಕಡೆ ತಿರುಗಿ ನೋಡುವಂತಿಲ್ಲ. ಅದಕ್ಕೆ ಅವಳ ಜೊತೆ ಅಪ್ಪನೂ ರುಜು ಹಾಕಿದ್ದ.

ಯಾಕೆ ವೆಸ್ಟ್‌ಬ್ರಿಜ್ ಎಂದು ಕೇಳಿದವರಿಗೆಲ್ಲ ಅವಳು ಒಂದೇ ಉತ್ತರ ಕೊಡುತ್ತಿದ್ದಳು: ಅಲ್ಲಿನ ಭೂವಿಜ್ಞಾನ ವಿಭಾಗ. ಅದೂ ಸುಳ್ಳಲ್ಲ. ನಡೆಯಲು ಕಲಿತಾಗಿನಿಂದ ದಂಡೆಯ ಕಲ್ಲುಗಳನ್ನು ಜೇಬಿಗೆ ತುಂಬಿಕೊಂಡು ಬಂದ ಹುಡುಗಿ ಅವಳು. ಆದರೆ ಅಂಥ ವಿಭಾಗ ಮಿನ್ನೆಸೋಟದಲ್ಲೂ ಇತ್ತು. ಬಾಸ್ಟನ್ನಿನಲ್ಲಿ ಮಾತ್ರ ಇದ್ದದ್ದು ಅಮ್ಮ.

ಟೆಸ್ಸಾಳಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಕೊಲೀನ್ ಗಂಡನನ್ನೂ ಮಗಳನ್ನೂ ಬಿಟ್ಟು, ಅಲ್ಲಿನ ಒಂದು ಗಾಯನವೃಂದವನ್ನು ನಡೆಸಲು ಹೋದಳು. ಜಗಳವೇನೂ ಆಗಲಿಲ್ಲ, ಆ ಮನೆಯಲ್ಲಿ ಜೋರಾಗಿ ಮಾತಾಡಿದವರೇ ಇರಲಿಲ್ಲ. ಬೇಸಿಗೆಯಲ್ಲಿ ಹತ್ತು ದಿನ ಮಗಳನ್ನು ಕರೆಸಿಕೊಳ್ಳುತ್ತಿದ್ದಳು, ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದಳು. ಹೋದ ಬೇಸಿಗೆಯಲ್ಲಿ ನದಿಯ ಸೇತುವೆಯ ಮೇಲೆ ನಡೆಯುತ್ತಿದ್ದಾಗ, "ನೀನೂ ಇಲ್ಲೇ ಓದೋಕೆ ಬಂದ್ರೆ ಚೆನ್ನಾಗಿರುತ್ತೆ ಅಲ್ವಾ ಪುಟ್ಟಿ? ಬೇಜಾರಾದಾಗೆಲ್ಲ ಬಂದು ಬಾಗಿಲು ತಟ್ಟಬಹುದು," ಎಂದಿದ್ದಳು. ಹಾಗೆಂದು ಕೊಲೀನ್ ಆ ಮಾತನ್ನು ಅಲ್ಲೇ ಬಿಟ್ಟು ಐಸ್‌ಕ್ರೀಮ್ ಅಂಗಡಿಯತ್ತ ನಡೆದಳು. ಟೆಸ್ಸಾ ಬಿಡಲಿಲ್ಲ. ಅಮ್ಮನ ಬೀದಿಯಿಂದ ವಿಶ್ವವಿದ್ಯಾಲಯಕ್ಕೆ ಎಷ್ಟು ಹೊತ್ತಿನ ನಡಿಗೆ ಎಂದು ಅದೇ ದಿನ ನಕ್ಷೆಯಲ್ಲಿ ನೋಡಿಕೊಂಡಳು.

ಮಂಗಳವಾರ ಶಾಲೆ ಬಿಟ್ಟು ಮನೆಗೆ ಬರುತ್ತಿದ್ದಂತೆ ಫೋನು ಬಡಿದುಕೊಂಡಿತು. ಭಾನುವಾರವಲ್ಲದ ದಿನ ಅಮ್ಮನ ಹೆಸರು ಕಂಡು ಗಡಬಡಿಸಿ ಎತ್ತಿಕೊಂಡಳು.

"ಹುಷಾರಾಗಿದೀಯಾ ಅಮ್ಮಾ?"

"ಆರಾಮಾಗಿದೀನಿ ಮಗಳೇ. ಒಳ್ಳೆ ಸುದ್ದೀನೇ. ಟೂಸಾನ್‌ನಲ್ಲಿ ದೊಡ್ಡ ವೃಂದ, ಅದನ್ನ ನನಗೆ ಕೊಟ್ಟಿದಾರೆ. ಜೂನ್‌ನಲ್ಲಿ ಹೊರಡ್ತೀನಿ. ನಿನಗೇ ಮೊದಲು ಹೇಳಬೇಕು ಅನ್ನಿಸ್ತು."

ಟೂಸಾನ್. ದೇಶದ ಇನ್ನೊಂದು ಮೂಲೆಯ ಮರುಭೂಮಿ. ಟೆಸ್ಸಾ ಒಂದು ಕೈಯ ಗವಸು ಮಾತ್ರ ಬಿಚ್ಚಿಕೊಂಡು ಬಾಗಿಲ ಬಳಿಯೇ ನಿಂತಿದ್ದಳು.

"ಬಾಸ್ಟನ್ ಮನೆ?" ಎಂದಳು.

"ಬಿಟ್ಟುಕೊಡ್ತೀನಿ. ನೀನು ಚಳಿಗಾಲದ ರಜೆಗೆ ಟೂಸಾನ್‌ಗೆ ಬಾ, ಬಿಸಿಲಲ್ಲಿ ಬೇಯಿಸಿ ಕಳಿಸ್ತೀನಿ!" ಕೊಲೀನ್ ನಕ್ಕಳು. "ಯಾಕೆ ಸುಮ್ಮನಾದೆ?"

"ಏನಿಲ್ಲ. ಖುಷಿಯಾಯ್ತು ಅಮ್ಮಾ," ಎಂದಳು ಟೆಸ್ಸಾ.

ಫೋನಿಟ್ಟ ಮೇಲೆ ಮನೆಯೊಳಗೆ ನಿಲ್ಲಲಾಗಲಿಲ್ಲ. ಇಳಿಜಾರಿನ ಬೀದಿಯಲ್ಲಿ ಜಾರುತ್ತ ಎಡವುತ್ತ ಐಸ್‌ಹಾಕಿ ಆಟದ ಅಂಗಳಕ್ಕೆ ಬಂದಳು. ಅವಳ ಅಪ್ಪ ಡ್ವೇನ್‌ಗೆ ಅದನ್ನು ನೋಡಿಕೊಳ್ಳುವ ಕೆಲಸ. ಮಕ್ಕಳ ಅಭ್ಯಾಸ ಆಗಷ್ಟೇ ಮುಗಿದಿತ್ತು; ಅವನು ದೊಡ್ಡ ಯಂತ್ರದ ಮೇಲೆ ಕೂತು, ಗೀರುಬಿದ್ದ ಮಂಜುಗಡ್ಡೆ ಮತ್ತೆ ನುಣುಪಾಗಲೆಂದು ಅದರ ಮೇಲೆ ಬಿಸಿನೀರು ಹರಿಸುತ್ತ ಸುತ್ತು ಹೊಡೆಯುತ್ತಿದ್ದ. ಮಗಳು ಮೆಟ್ಟಿಲ ಮೇಲೆ ಕೂತದ್ದನ್ನು ಕಂಡರೂ ಸುತ್ತು ಮುಗಿಸಿಯೇ ಇಳಿದು ಬಂದ. ಪಕ್ಕದಲ್ಲಿ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ.

"ಅಪ್ಪ, ಉತ್ತರ ಬರೋ ಮೊದಲು ಅರ್ಜಿ ವಾಪಸ್ ತಗೋಬಹುದಾ?"

"ತಗೋಬಹುದು ಅನ್ಸುತ್ತೆ. ಬಂದ ಮೇಲೆ ಆಗಲ್ಲ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ನಿಮ್ಮಮ್ಮ ನನಗೂ ಫೋನು ಮಾಡಿದ್ಲು," ಎಂದ.

ಅವಳಿಗೆ ತಡೆಯಲಾಗಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತಳು. ಡ್ವೇನ್ ಅವಳ ಟೋಪಿಯ ಮೇಲೆ ಕೈಯಿಟ್ಟು, ಖಾಲಿ ಅಂಗಳವನ್ನು ನೋಡುತ್ತ ಕೂತ.

"ನಾನು ಅಮ್ಮನಿಗೋಸ್ಕರ ಹೋಗ್ತಿದೀನಿ ಅಂತ ನಿನಗೆ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ರುಜು ಹಾಕಿದ್ಯಾ?"

"ಇನ್ನೇನು ಮಾಡ್ಲಿ? ಭಾನುವಾರ ಬಂದ್ರೆ ನೀನು ಫೋನು ಹಿಡ್ಕೊಂಡು ಕಿಟಕಿ ಹತ್ರ ಕೂರೋದನ್ನ ಎಷ್ಟು ವರ್ಷದಿಂದ ನೋಡ್ತಿದೀನಿ. ಹೋಗ್ಲಿ, ಹತ್ತಿರ ಇದ್ದು ಬರ್ಲಿ ಅಂದ್ಕೊಂಡೆ."

"ನಿನಗೆ ಬೇಜಾರಾಗ್ಲಿಲ್ವಾ?"

"ಆಯ್ತು, ಆಗದೆ ಇರುತ್ತಾ?" ಎಂದು ಮೂಗು ಒರೆಸಿಕೊಂಡ. "ಮರೀ, ವಾಪಸ್ ತಗೋಬೇಕಾದ್ರೆ ತಗೋ. ಆದ್ರೆ ಒಂದು ಯೋಚನೆ ಮಾಡು. ಅಮ್ಮ ಅಲ್ಲಿ ಇರಲೇ ಇಲ್ಲ ಅಂತ ಇಟ್ಕೋ. ಆಗಲೂ ಆ ಊರು ಬೇಕಿತ್ತಾ ನಿನಗೆ?"

ಟೆಸ್ಸಾ ಆ ಊರನ್ನು ಅಮ್ಮನಿಂದ ಬಿಡಿಸಿ ನೋಡಿಯೇ ಇರಲಿಲ್ಲ. ಬುಧವಾರವಿಡೀ ಅದನ್ನೇ ಮಾಡಲು ಹೊರಟಳು. ವಿಶ್ವವಿದ್ಯಾಲಯದ ಪಾಠಗಳ ಪುಟವನ್ನು ಮೊದಲಬಾರಿಗೆ ಎಂಬಂತೆ ಓದಿದಳು. ಹಿಮನದಿಗಳು ಬಿಟ್ಟುಹೋದ ನೆಲದ ಬಗ್ಗೆ ಒಂದು ಪಾಠವಿತ್ತು. ಅದನ್ನು ಕಲಿಸುವವರು ವಿದ್ಯಾರ್ಥಿಗಳನ್ನು ಗ್ರೀನ್‌ಲ್ಯಾಂಡಿಗೆ ಕರೆದೊಯ್ಯುತ್ತಾರಂತೆ. ಓದುತ್ತ ಓದುತ್ತ ಅದು ಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅಮ್ಮನಿಗೆ ಮೋಸ ಮಾಡಿದಂತೆಯೂ ಆಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೂ ಗ್ರೀನ್‌ಲ್ಯಾಂಡಿನ ಮಾತು ಹೇಳಿದಳು. ಅರ್ಜಿಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಗುರುವಾರ ಸಂಜೆ ಅಡುಗೆಮನೆಯಲ್ಲಿ ಡ್ವೇನ್ ಮಾಂಸ, ಬೀನ್ಸು, ಮೇಲೆ ಆಲೂಗೆಡ್ಡೆ ಉಂಡೆ ಜೋಡಿಸಿದ ಹಾಟ್‌ಡಿಶ್ ಒಲೆಯೊಳಗಿಟ್ಟು, ಮಾಡಲು ಕೆಲಸವಿಲ್ಲದೆ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದ. ಟೆಸ್ಸಾ ಲ್ಯಾಪ್‌ಟಾಪು ತೆರೆದಳು. ಪುಟ ಸುತ್ತುತ್ತಲೇ ಇತ್ತು; ದೇಶದ ಮಕ್ಕಳೆಲ್ಲ ಅದೇ ಬಾಗಿಲಿಗೆ ಮುಗಿಬಿದ್ದಿದ್ದರು. ಆಮೇಲೆ ಒಮ್ಮೆಲೇ ತೆರೆದುಕೊಂಡಿತು. ಮೊದಲ ಸಾಲಿನಲ್ಲೇ 'ಅಭಿನಂದನೆಗಳು' ಎಂದಿತ್ತು.

"ಅಪ್ಪ, ತಗೊಂಡಿದಾರೆ," ಎಂದಳು ಮೆಲ್ಲಗೆ.

ಡ್ವೇನ್ ಬಟ್ಟೆ ಕೈಯಲ್ಲಿ ಹಿಡಿದೇ ಅವಳನ್ನು ಅಪ್ಪಿಕೊಂಡ. ಒದ್ದೆ ಬಟ್ಟೆ ಬೆನ್ನಿಗೆ ತಣ್ಣಗೆ ತಾಗಿತು. "ಗ್ರೀನ್‌ಲ್ಯಾಂಡಿಗೆ ಹೋಗ್ತೀಯೋ ಏನೋ ಮಾರಾಯ್ತಿ," ಎಂದು ಒಲೆಯ ಕಡೆ ತಿರುಗಿದ.

ಅಮ್ಮನಿಗೆ ಫೋನು ಮಾಡಿದಳು. ಕೊಲೀನ್ ಕಿರುಚಿದಳು, ಅತ್ತಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳತೊಡಗಿದಳು: ಯಾವ ಬೇಕರಿಯಲ್ಲಿ ಬ್ರೆಡ್ಡು ಚೆನ್ನ, ಯಾವ ರೈಲಿಗೆ ಗದ್ದಲ ಕಡಿಮೆ, ಗಾಳಿ ಬೀಸುವಾಗ ಸೇತುವೆಯ ಯಾವ ಬದಿಯಲ್ಲಿ ನಡೆಯಬೇಕು. ಟೆಸ್ಸಾ ಕೇಳುತ್ತ ಹೋದಳು. ಅಷ್ಟೂ ಜಾಗಗಳನ್ನು ಕಲ್ಪಿಸಿಕೊಂಡರೆ ಅಲ್ಲೆಲ್ಲ ಅವಳೊಬ್ಬಳೇ ಇದ್ದಳು.

"ಅಮ್ಮಾ, ನಾನು ಅಲ್ಲಿ ಅರ್ಜಿ ಹಾಕಿದ್ದು ನೀನಿದೀಯ ಅಂತ."



"ಕಲ್ಲು ಮಣ್ಣು ಅಂತ ಹೇಳ್ತಿದ್ಯಲ್ಲೇ."

"ಅದೂ ಹೌದು. ಆದ್ರೆ ಮೊದಲು ನೀನು. ನೀನು ಇಲ್ಲಿಂದ ಹೋದಾಗಿಂದ ನಾನು ನಿನ್ನ ಕಡೆಗೇ ಬರ್ತಾ ಇದೀನಿ ಅಮ್ಮಾ. ಬೈತಿಲ್ಲ. ನಿನಗೆ ಗೊತ್ತಿರಲಿ ಅಂತ ಹೇಳ್ದೆ."

"ಗೊತ್ತಿರ್ಲಿಲ್ಲ ಪುಟ್ಟಿ," ಎಂದಳು ಕೊಲೀನ್. "ಕೇಳಬೇಕಿತ್ತು ನಾನು. ಕೇಳ್ಲಿಲ್ಲ."

ಟೂಸಾನ್ ಕೆಲಸ ಬಿಡುತ್ತೇನೆ ಎಂದು ಅವಳು ಹೇಳಲಿಲ್ಲ. ಟೆಸ್ಸಾ ಅದನ್ನು ಕೇಳಲೂ ಇಲ್ಲ. ಆದರೆ ಏಪ್ರಿಲ್‌ನಲ್ಲಿ, ಮನೆ ಬಿಟ್ಟುಹೋದ ಮೇಲೆ ಮೊದಲ ಸಲ, ಕೊಲೀನ್ ತನ್ನ ಬೂದುಬಣ್ಣದ ಉದ್ದ ಕೋಟು ತೊಟ್ಟು ಡುಲೂತಿಗೆ ಬಂದಳು. ತಾಯಿ ಮಗಳು ಮೂರು ದಿನ ದಂಡೆಯ ಗಾಳಿಯಲ್ಲಿ ಮೂಗು ಕೆಂಪಾಗುವವರೆಗೆ ನಡೆದರು. ಟೆಸ್ಸಾ ಕೇಳಬೇಕೆಂದಿದ್ದ ಮಾತುಗಳಲ್ಲಿ ಅರ್ಧದಷ್ಟನ್ನು ಕೇಳಿದಳು; ಅವುಗಳಲ್ಲಿ ಕೆಲವಕ್ಕೆ ಉತ್ತರ ಸಿಕ್ಕಿತು.

ಆಗಸ್ಟ್‌ನಲ್ಲಿ ಡ್ವೇನ್ ಮಗಳನ್ನು ಬಾಸ್ಟನ್ನಿಗೆ ಬಿಟ್ಟುಬಂದ. ಪಾಠಗಳು ಅವಳಿಗೆ ಹಿಡಿಸಿದವು, ಗೆಳತಿಯರು ಸಿಕ್ಕರು, ಊರೂ ನಿಧಾನವಾಗಿ ಪಳಗಿತು. ಆದರೂ ಆ ಮೊದಲ ಚಳಿಗಾಲವಿಡೀ, ರೈಲಿಳಿದು ಬರುವ ಜನರ ನಡುವೆ ಬೂದುಬಣ್ಣದ ಉದ್ದ ಕೋಟಿನ ಹೆಂಗಸೊಬ್ಬಳು ಕಂಡರೆ ಟೆಸ್ಸಾಳ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅಮ್ಮ ಮರುಭೂಮಿಯ ಬಿಸಿಲಿನಲ್ಲಿದ್ದಾಳೆಂದು ಚೆನ್ನಾಗಿ ಗೊತ್ತಿದ್ದೂ, ಮುಖ ಕಾಣುವವರೆಗೆ ನಿಂತು ನೋಡಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದಳು.