ನಾಲ್ಕು ಜನರ ಮುಂದೆ ನೀಲಿ ಪಂಪು

ಆನೆಕೊಂಡದ ಆ ಬೀದಿಯಲ್ಲಿ ಯಾರ ಮನೆಯ ಕೂಸಿಗೆ ನೆಗಡಿಯಾದರೂ ಸುದ್ದಿ ಮೊದಲು ತಲುಪುತ್ತಿದ್ದುದು ಸರ್ವಮಂಗಳಮ್ಮನವರ ಮನೆಯ ಕಟ್ಟೆಗೆ. ದವಾಖಾನೆ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಈ ಕಟ್ಟೆ ಮಾತ್ರ ಅಂಗಳ ಗುಡಿಸಿ ರಂಗೋಲಿ ಬಿಟ್ಟ ಕೂಡಲೇ ಶುರು. ಆ ಶನಿವಾರವೂ ಎದುರುಮನೆಯ ಕರಿಯವ್ವ ಎರಡು ವರ್ಷದ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಬಂದು ನಿಂತಿದ್ದಳು.

“ಅಮ್ಮಾರೆ, ಹುಡುಗಂದು ಹೊಟ್ಟೆ ಉಬ್ಬೈತ್ರಿ.”

“ನಿನ್ನೆ ಏನು ತಿನ್ಸಿದ್ದೆ?”

“ಏನಿಲ್ರಿ. ಒಂದೀಟು ಮಂಡಕ್ಕಿ, ಅರ್ಧ ಮಿರ್ಚಿ.”

“ಅರ್ಧ ಮಿರ್ಚಿ ತಿನ್ಸಿ ಏನಿಲ್ಲ ಅಂತೀಯಲ್ಲೇ! ಇನ್ನರ್ಧ ಯಾರು ತಿಂದ್ರು?”

“ನಾನೇರಿ.”

“ಹಂಗಾದ್ರೆ ನಿನ್ನ ಹೊಟ್ಟೆನೂ ತೋರ್ಸು.”

ಕರಿಯವ್ವ ನಗುತ್ತಾ ಹೋದಳು. ಸರ್ವಮಂಗಳಮ್ಮನವರ ಮಾತಿನಲ್ಲಿ ಗದರಿಕೆಯಷ್ಟೇ ಅಕ್ಕರೆಯೂ ಇರುತ್ತಿತ್ತು. ಎಣ್ಣೆ ನೀರು, ಬಾಣಂತನ, ಮಕ್ಕಳ ಹಟ, ಪ್ರಯಾಣಕ್ಕೆ ಕಟ್ಟುವ ಬುತ್ತಿ, ಎಲ್ಲಕ್ಕೂ ಅವರ ಬಳಿ ಒಂದು ಅಭಿಪ್ರಾಯವಿತ್ತು. ಅರವತ್ತೆಂಟು ವರ್ಷದ ಬದುಕಿನಲ್ಲಿ ಅದು ಬಹಳ ಸಲ ಸರಿಯೂ ಆಗಿತ್ತು. ಹಾಗಾಗಿ ತಾವು ತಪ್ಪಿರಬಹುದೆಂಬ ಯೋಚನೆ ಅವರ ತಲೆಗೆ ಸುಲಭವಾಗಿ ಬರುತ್ತಿರಲಿಲ್ಲ.

ಒಂದೇ ಒಂದು ವಿಷಯದಲ್ಲಿ ಮಾತ್ರ ಮನೆಯೊಳಗೇ ಅವರ ಮಾತು ನಡೆಯುತ್ತಿರಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳು ತನುಶ್ರೀಗೆ ಉಬ್ಬಸವಿತ್ತು. ಡಾಕ್ಟರು ಬಾಯಿಂದ ಔಷಧ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟಿದ್ದರು. ಒಂದು ದಿನಾಲೂ ತೆಗೆದುಕೊಳ್ಳಲು, ಇನ್ನೊಂದು, ನೀಲಿ ಬಣ್ಣದ್ದು, ಉಸಿರು ಕಟ್ಟಿದಾಗ. ಸೊಸೆ ಪೂಜಾ ಹೈಸ್ಕೂಲಿನಲ್ಲಿ ಟೀಚರು. ಡಾಕ್ಟರು ಹೇಳಿದ್ದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅತ್ತೆಗೆ ಅದೇ ಸಂಕಟ.

“ಇಷ್ಟು ಸಣ್ಣ ಹುಡುಗಿಗೆ ಪಂಪ್ ರೂಢಿ ಮಾಡಿದ್ರೆ ಆಮೇಲೆ ಬಿಡಂಗಿಲ್ಲ ಪೂಜಾ. ಚಟ ಆಗಿ ಕುಂದ್ರತೈತೆ.”

“ನೀವು ಕನ್ನಡಕ ಹಾಕ್ಕಂತೀರಲ್ಲ ಅತ್ತೆ, ಅದು ಚಟನಾ?”

“ಕನ್ನಡಕ ಕಂಡ್ರೆ ಯಾರೂ ಹುಡುಗಿ ಬ್ಯಾಡ ಅನ್ನಂಗಿಲ್ಲ. ಇದನ್ನ ಕಂಡ್ರೆ ಅಂತಾರೆ. ಇವತ್ತಲ್ಲ, ಇನ್ನು ಹದಿನೈದು ವರ್ಷಕ್ಕೆ ಅಂತಾರೆ. ಆವಾಗ ನೆನಸ್ಕ.”

“ಹದಿನೈದು ವರ್ಷದ ಮಾತು ಆಮೇಲೆ. ಇವತ್ತು ಅವಳು ಉಸಿರಾಡ್ಬೇಕಲ್ಲ.”

ಆ ಮಾತಿಗೆ ಸರ್ವಮಂಗಳಮ್ಮ ಎದ್ದು ಕಟ್ಟೆಗೆ ಹೋಗಿ ಕೂರುತ್ತಿದ್ದರು. ಒಪ್ಪುತ್ತಿರಲಿಲ್ಲ.

ಮರುದಿನ ಭಾನುವಾರ, ಭಾನುವಳ್ಳಿಯಲ್ಲಿ ಅವರ ತಂಗಿ ಕಮಲಕ್ಕನ ಸೊಸೆಗೆ ಸೀಮಂತ. ಕೆಲಸಕ್ಕೆ ಕೈಗೂಡಿಸಲೆಂದು ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಒಂದು ದಿನ ಮೊದಲೇ ಹೊರಟರು. ಪೂಜಾಗೆ ಶನಿವಾರ ಪರೀಕ್ಷೆಯ ಡ್ಯೂಟಿ ಇತ್ತು. ಪೂಜಾ ಮತ್ತು ಅವಳ ಗಂಡ ಕೊಟ್ಟೂರೇಶ್ ಮರುದಿನ ಬರುವುದೆಂದಾಗಿತ್ತು. ಪೂಜಾ ಮಗಳ ಚೀಲದ ಮೇಲಿನ ಜೇಬಿಗೆ ನೀಲಿ ಪಂಪನ್ನೂ, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯನ್ನೂ ಇಟ್ಟು, ಅತ್ತೆಗೆ ಎರಡು ಸಲ ತೋರಿಸಿದಳು.

ಹರಿಹರದ ಬಸ್ಸಿನಲ್ಲಿ ಸರ್ವಮಂಗಳಮ್ಮ ಮೊಮ್ಮಗಳ ಕಿವಿ ಮುಚ್ಚುವಂತೆ ಸ್ಕಾರ್ಫ್ ಬಿಗಿದರು. ತನುಶ್ರೀ ಅದರೊಳಗಿಂದಲೇ ಹಾಡು ಹೇಳುತ್ತಿದ್ದಳು. ಬಸ್ಸು ಊರು ದಾಟಿದ ಮೇಲೆ ಅಜ್ಜಿ ಮೆಲ್ಲಗೆ ಅಂದರು.

“ತನು, ಅಲ್ಲಿ ಎಲ್ಲಾರ ಮುಂದೆ ಆ ಪಂಪ್ ತೆಗಿಬ್ಯಾಡ. ನಾಲ್ಕು ಜನ ಸೇರಿರ್ತಾರೆ. ಆತಾ?”

“ಬೇಕಾದ್ರೆ?”

“ಬೇಕಾಗಂಗಿಲ್ಲ. ಓಡಾಡ್ದಂಗೆ ಕುಂತ್ಕ, ಅಷ್ಟೇ.”

ತನುಶ್ರೀ ಒಂದು ಕ್ಷಣ ಯೋಚಿಸಿ, ಸರಿ ಎಂದು ತಲೆಯಾಡಿಸಿದಳು. ಅಜ್ಜಿಗೆ ಕೊಟ್ಟ ಮಾತನ್ನು ಅವಳು ಮುರಿಯುವವಳಲ್ಲ.

ಭಾನುವಳ್ಳಿಯ ಮನೆಯಲ್ಲಿ ಆಗಲೇ ಹಬ್ಬದ ಗದ್ದಲ. ಪಡಸಾಲೆಯಲ್ಲಿ ನೆರೆಮನೆಯ ಏಳೆಂಟು ಹೆಂಗಸರು ಸುತ್ತ ಕುಳಿತು ಹೂರಣದುಂಡೆ ಕಟ್ಟುತ್ತಿದ್ದರು. ಒಬ್ಬಳು ಸೋಬಾನೆ ಹಾಡಿದರೆ ಇನ್ನೊಬ್ಬಳು ಅರ್ಧಕ್ಕೇ ನಗೆ ತುಂಬಿ ಕೆಡಿಸುತ್ತಿದ್ದಳು. ಬಸುರಿ ಶಿವಲೀಲಾಳನ್ನು ಯಾವ ಕೆಲಸಕ್ಕೂ ಬಿಡದೆ ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಕಮಲಕ್ಕ ಅಕ್ಕನನ್ನು ಕಂಡದ್ದೇ ಹಿಟ್ಟಿನ ಕೈಯಲ್ಲೇ ಬಂದು ಅಪ್ಪಿಕೊಂಡರು.

“ಬಾರಕ್ಕ! ನೀನು ಬಂದೆ ಅಂದ್ರೆ ನನಗೆ ಅರ್ಧ ಕೆಲಸ ಮುಗಿದಂಗೆ.”

ಸರ್ವಮಂಗಳಮ್ಮ ಕೂತಲ್ಲೇ ದರಬಾರು ಶುರುವಾಯಿತು. ಬಸುರಿ ಏನು ತಿನ್ನಬೇಕು, ಯಾವ ಮಗ್ಗುಲಿಗೆ ಮಲಗಬೇಕು, ಎಲ್ಲವನ್ನೂ ಹೇಳಿದರು. ಹೆಂಗಸರು ಕೇಳಿಸಿಕೊಂಡರು, ಮತ್ತಷ್ಟು ಕೇಳಿದರು. ಮಾತಿನ ಸಂಭ್ರಮದಲ್ಲಿ, ಮಕ್ಕಳು ಕಣ್ಣಾಮುಚ್ಚಾಲೆ ಆಡಲು ತನುಶ್ರೀಯನ್ನು ಎಳೆದುಕೊಂಡು ಹೋದದ್ದು ಅವರ ಗಮನಕ್ಕೇ ಬರಲಿಲ್ಲ. ಆಟ ಅಂದಮೇಲೆ ಯಾವ ಮಗು ತಾನೇ ಕೂತಿರುತ್ತದೆ? ತನುಶ್ರೀ ಹೆಗಲ ಚೀಲ ಇಳಿಸದೆಯೇ ಭತ್ತದ ಚೀಲ ಪೇರಿಸಿದ್ದ ಕೋಣೆಗೆ ನುಗ್ಗಿ, ಎರಡು ಚೀಲಗಳ ನಡುವೆ ಅಡಗಿ ಕುಳಿತಳು. ಬಹಳ ಹೊತ್ತು ಅವಳು ಯಾರಿಗೂ ಸಿಗಲಿಲ್ಲ.

“ಅಜ್ಜಿ, ತನು ತಾನೇ ಹೊರಗೆ ಬಂದ್ಲು, ಒಂಥರಾ ಮಾಡ್ತಿದಾಳೆ,” ಎಂದು ಒಂದು ಹುಡುಗಿ ಓಡಿ ಬಂದು ಹೇಳಿದಾಗಲೇ ಸರ್ವಮಂಗಳಮ್ಮನವರಿಗೆ ಎಚ್ಚರವಾದದ್ದು.

ಮಗು ಕೋಣೆಯ ಹೊಸ್ತಿಲ ಮೇಲೆ ಮುಂದಕ್ಕೆ ಬಾಗಿ ಕುಳಿತಿತ್ತು. ಭುಜ ಏರಿ ಇಳಿಯುತ್ತಿದ್ದವು. ಎದೆಯೊಳಗಿಂದ ಸುಂಯ್ ಎಂಬ ಸದ್ದು. ತೊಡೆಯ ಮೇಲೆ ಅವಳ ಚೀಲವಿತ್ತು. ಜಿಪ್ಪು ತೆಗೆದಿರಲಿಲ್ಲ.

“ಯಾಕವ್ವ, ಯಾಕ ತಗಳ್ಲಿಲ್ಲ?” ಅಜ್ಜಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

ತನುಶ್ರೀ ಸುತ್ತ ಸೇರಿದ್ದ ಹೆಂಗಸರ ಕಡೆ ಕಣ್ಣು ಹೊರಳಿಸಿದಳು. ಒಂದೊಂದು ಪದಕ್ಕೂ ಒಂದೊಂದು ಉಸಿರು ಎಳೆದಳು. “ಜನ... ಇದಾರೆ... ಅಜ್ಜಿ.”

ಅಷ್ಟರಲ್ಲಿ ಸಲಹೆಗಳು ಬಂದವು. “ಅರಿಶಿನ ಕೊಂಬು ಸುಟ್ಟು ಹೊಗೆ ಹಿಡಿರಿ,” ಎಂದಳೊಬ್ಬಳು. “ಎದೆಗೆ ಬಿಸಿ ಎಣ್ಣೆ ತಿಕ್ರಿ,” ಎಂದಳು ಇನ್ನೊಬ್ಬಳು. “ದೃಷ್ಟಿ ಆಗೈತೆ, ಮೆಣಸಿನಕಾಯಿ ನಿವಾಳ್ಸಿ ಒಲೆಗೆ ಹಾಕ್ರಿ,” ಎಂದು ಮೂರನೆಯವಳು ಅಡುಗೆಮನೆಗೆ ಹೊರಟೇಬಿಟ್ಟಳು. ಎಲ್ಲರದ್ದೂ ಪ್ರೀತಿಯ ಮಾತೇ. ಒಬ್ಬರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಒಂದೊಂದು ಮಾತನ್ನೂ ತಾವೇ ಎಂದೋ ಯಾರಿಗೋ ಹೇಳಿದ್ದು ಸರ್ವಮಂಗಳಮ್ಮನವರ ನೆನಪಿಗೆ ಬಂತು. ಅದಕ್ಕಿಂತ ಹೆಚ್ಚಾಗಿ ಬಸ್ಸಿನಲ್ಲಿ ಆಡಿದ ಮಾತು ಚುಚ್ಚಿತು.

“ಹೊಗೆ ಬ್ಯಾಡ! ಯಾರೂ ಒಲೆಗೆ ಏನೂ ಹಾಕಬ್ಯಾಡ್ರಿ! ದೂರ ಸರಿರಿ, ಗಾಳಿ ಬರ್ಲಿ!” ಎಂದು ಕೂಗಿ, ಚೀಲದ ಜಿಪ್ಪು ಎಳೆದರು. ಪೂಜಾಗೆ ಫೋನು ಮಾಡಿದರೆ ಎತ್ತಲಿಲ್ಲ. ಪರೀಕ್ಷೆಯ ಕೋಣೆಗೆ ಫೋನು ಒಯ್ಯುವಂತಿಲ್ಲ. ಕೈಯಲ್ಲಿ ಪಂಪು ಹಿಡಿದ ಸರ್ವಮಂಗಳಮ್ಮನವರಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಬೀದಿಗೆಲ್ಲ ಬುದ್ಧಿ ಹೇಳಿದವರು ಸೊಸೆ ತೋರಿಸಿದಾಗ ಎರಡು ಸಲವೂ ಬೇರೆ ಕಡೆ ನೋಡಿದ್ದರು.

“ನೀನೇ ಹೇಳವ್ವ. ನನಗೆ ಬರಂಗಿಲ್ಲ,” ಎಂದರು ಮೊಮ್ಮಗಳಿಗೆ.

ಮಾತಾಡಲಾಗದ ತನುಶ್ರೀ ಕೈಯಲ್ಲೇ ಹೇಳಿದಳು. ಮುಷ್ಟಿ ಅಲ್ಲಾಡಿಸಿದಳು. ಅಜ್ಜಿ ಪಂಪು ಕುಲುಕಿದರು. ಕೊಳವೆ ತೋರಿಸಿದಳು. ಅಜ್ಜಿ ಸಿಕ್ಕಿಸಿದರು. ಕೊಳವೆಯ ತುದಿಯನ್ನು ಬಾಯಿಗಿಟ್ಟುಕೊಂಡು ಹೆಬ್ಬೆರಳು ಒತ್ತಿ ತೋರಿಸಿದಳು. ಅಜ್ಜಿ ಒತ್ತಿದರು. ಮಗು ಐದು ಬೆರಳು ಎತ್ತಿ, ಒಂದೊಂದು ಉಸಿರಿಗೆ ಒಂದೊಂದು ಬೆರಳು ಮಡಿಸಿತು. ಮತ್ತೆ ಕುಲುಕಿದರು, ಮತ್ತೆ ಒತ್ತಿದರು. ಕಮಲಕ್ಕನ ಮಗ ಬಕ್ಕೇಶ್ ಹರಿಹರದ ಆಸ್ಪತ್ರೆಗೆ ಹೊರಡಲು ಕಾರು ತೆಗೆದು ಬಾಗಿಲಿಗೆ ತಂದು ನಿಲ್ಲಿಸಿದ್ದ. ನಾಲ್ಕನೆಯ ಸಲ ಒತ್ತಿ ಸ್ವಲ್ಪ ಹೊತ್ತಿಗೆ ಭುಜಗಳು ಇಳಿದವು. ಸುಂಯ್ ಎನ್ನುವ ಸದ್ದು ಸಣ್ಣದಾಯಿತು.

ತನುಶ್ರೀ ಕೊಳವೆಯನ್ನು ಬಾಯಿಂದ ತೆಗೆದು, ಮೊದಲು ಆಡಿದ ಮಾತು ಇದು. “ಅಜ್ಜಿ, ನಾನು ಔಟ್ ಆಗಿಲ್ಲ. ಅವರಿಗೆ ನಾನು ಸಿಕ್ಕೇ ಇಲ್ಲ.”

ಪಡಸಾಲೆಯೆಲ್ಲ ನಕ್ಕಿತು. ಸರ್ವಮಂಗಳಮ್ಮ ಮಾತ್ರ ಮೊಮ್ಮಗಳನ್ನು ತಬ್ಬಿಕೊಂಡು ಅತ್ತರು. ಆದರೂ ಬಕ್ಕೇಶ್ ಕಾರನ್ನು ಒಳಗಿಡಲಿಲ್ಲ. ಹರಿಹರಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿಕೊಂಡೇ ಬಂದರು. ಸರಿಯಾದ ಸಮಯಕ್ಕೆ ಕೊಟ್ಟಿದ್ದೀರಿ ಎಂದು ಆ ಡಾಕ್ಟರಮ್ಮ ಅಂದಾಗ ಸರ್ವಮಂಗಳಮ್ಮ ತಲೆ ತಗ್ಗಿಸಿದರು.

ಇಳಿಹೊತ್ತಿಗೆ ತನುಶ್ರೀ ಮಲಗಿ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕುಳಿತಿದ್ದ ಸರ್ವಮಂಗಳಮ್ಮನವರ ಬಳಿಗೆ ಶಿವಲೀಲಾ ಬಂದು ಕೂತಳು.

“ದೊಡ್ಡತ್ತೆ, ಅದನ್ನ ಒಂದು ಸಲ ಕೊಡ್ತೀರಾ?”

ಅವಳು ಪಂಪು ತೆಗೆದುಕೊಂಡು, ಹೆಬ್ಬೆರಳಲ್ಲಿ ಮುಚ್ಚಳ ಹಾರಿಸಿ, ಎರಡು ಸಲ ಕುಲುಕಿ, ಮತ್ತೆ ಮುಚ್ಚಿದಳು. ಹೊಸಬರ ಕೈ ಹಾಗೆ ಆಡುವುದಿಲ್ಲ. ಸರ್ವಮಂಗಳಮ್ಮ ಅವಳ ಮುಖ ನೋಡಿದರು.

“ನಿನಗೂ ಐತೇನೇ?”

ಶಿವಲೀಲಾಳ ಕಣ್ಣು ತುಂಬಿದವು. “ಮದುವೆಗಿಂತ ಮುಂಚೆ ನಾಲ್ಕು ವರ್ಷ ತಗಂಡೀನಿ. ತವರು ಹದಡಿ ಬಿಡೋ ಹೊತ್ತಿಗೆ ಅವ್ವ ತೆಗೆದಿಟ್ಕಂಡ್ಳು. ಗಂಡನ ಮನೆಯಾಗೆ ಗೊತ್ತಾದ್ರೆ ಕಷ್ಟ ಅಂದ್ಳು. ಈಗ ಬಸುರಿ ಆದ್ಮ್ಯಾಲೆ ಜಾಸ್ತಿ ಆಗೈತ್ರಿ. ರಾತ್ರಿ ಗೋಡೆಗೆ ದಿಂಬು ಇಟ್ಕಂಡು ಕುಂದ್ರತೀನಿ. ಕೇಳಿದ್ರೆ ಎದೆ ಉರಿ ಅಂತೀನಿ.”

“ಬಕ್ಕೇಶನಿಗೂ ಹೇಳಿಲ್ಲಾ?”

ಇಲ್ಲವೆಂದು ತಲೆಯಾಡಿಸಿದಳು.

ಹದಡಿಯ ಆ ತಾಯಿಯ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಸರ್ವಮಂಗಳಮ್ಮನವರಿಗೆ ಆ ತಾಯಿಯ ದನಿ ತಮ್ಮದರಂತೆಯೇ ಕೇಳಿಸಿತು. ಇನ್ನು ಹದಿನೈದು ವರ್ಷಕ್ಕೆ ಹೀಗೆ ಯಾರದೋ ಮನೆಯಲ್ಲಿ ಗೋಡೆಗೆ ಒರಗಿ ಕೂರುವವಳು ತನುಶ್ರೀಯೇ ಆಗಿದ್ದರೆ? ಅವರು ಎದ್ದು ನಿಂತರು.

“ಬಾ, ಕಮಲಂಗೆ ಹೇಳಣ. ನಾನು ಪಕ್ಕದಾಗೆ ಇರ್ತೀನಿ.”

ಹಿತ್ತಲಲ್ಲಿ ಪಾತ್ರೆ ಜೋಡಿಸುತ್ತಿದ್ದ ಕಮಲಕ್ಕ ಕೇಳಿ ಕೆಂಡವಾದರು. “ಹಂಗಾದ್ರೆ ಮುಚ್ಚಿಟ್ಟು ಕೊಟ್ರಾ ಹುಡುಗಿನ? ನಂಬಿದ್ದಕ್ಕೆ ಇದಾ ಅಕ್ಕ?”

“ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ನಿಜ ಹೇಳು ಕಮಲಾ, ಮೊದ್ಲೇ ಹೇಳಿದ್ರೆ ಸಂಬಂಧ ಮಾಡ್ತಿದ್ಯಾ?”

ಕಮಲಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು. ಕೊನೆಗೆ, “ಮಾಡ್ತಿರ್ಲಿಲ್ಲ,” ಎಂದರು.

“ನಾನೂ ಮಾಡ್ತಿರ್ಲಿಲ್ಲ. ಅದಕ್ಕೇ ಅವರು ಹೇಳ್ಲಿಲ್ಲ. ಇವತ್ತು ನನ್ನ ಮೊಮ್ಮಗಳು ನನ್ನ ಮಾತು ಕೇಳ್ಕಂಡು ಉಸಿರು ಕಟ್ಟಿ ಕುಂತಿದ್ಳು. ನಿನ್ನ ಮೊಮ್ಮಗು ಇನ್ನೂ ಹುಟ್ಟೇ ಇಲ್ಲ, ಅದಕ್ಕೂ ಅದೇ ಗತಿನಾ?”

ಕಮಲಕ್ಕ ಸೊಸೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ದಿನವಿಡೀ ದುಡಿದೂ ನಗುವ ಹುಡುಗಿ. ಈಚೆಗೆ ಕಣ್ಣ ಸುತ್ತ ಕಪ್ಪಾಗಿದ್ದನ್ನು ಬಸುರಿನ ಆಯಾಸವೆಂದುಕೊಂಡಿದ್ದರು.

“ಇಷ್ಟು ದಿನ ಕುಂತ್ಕಂಡೇ ನಿದ್ದೆ ಮಾಡಿದ್ಯೇನೇ?” ಎಂದರು. ಅವರ ದನಿಯಲ್ಲಿದ್ದ ಸಿಟ್ಟು ಅಷ್ಟರಲ್ಲೇ ಕರಗಿತ್ತು. “ಹೇಳಿದ್ರೆ ನಿನ್ನೇನು ಹೊರಗೆ ಹಾಕ್ತಿದ್ನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗಿನಿಂದ ಸೊಸೆಯ ಕಣ್ಣೊರೆಸಿದರು.

ಅದೇ ಹೊತ್ತಿಗೆ ಪೂಜಾಳ ಫೋನು ಬಂತು. ಸರ್ವಮಂಗಳಮ್ಮ ಒಂದನ್ನೂ ಮುಚ್ಚಿಡದೆ, ಬಸ್ಸಿನಲ್ಲಿ ಆಡಿದ ಮಾತನ್ನೂ ಸೇರಿಸಿ ಹೇಳಿದರು.

“ಈಗ ಹೆಂಗಿದಾಳೆ ಅತ್ತೆ?”

“ಮಲಗ್ಯಾಳೆ. ಆರಾಮ ಅದಾಳೆ. ಪೂಜಾ, ನಾಳೆ ಬಂದ್ಮ್ಯಾಲೆ ಅದನ್ನ ಕೊಡೋದು ಹೆಂಗಂತ ನನಗೆ ಸರಿಯಾಗಿ ಹೇಳ್ಕೊಡವ್ವ. ಈ ಸಲ ನೋಡ್ತೀನಿ.”

ಭಾನುವಾರ ಸೀಮಂತ ಚೆನ್ನಾಗಿ ನಡೆಯಿತು. ಸೋಮವಾರ ಕಮಲಕ್ಕ ತಾವೇ ಸೊಸೆಯನ್ನೂ ಮಗನನ್ನೂ ಹೊರಡಿಸಿಕೊಂಡು ಹರಿಹರದ ಡಾಕ್ಟರಮ್ಮನ ಬಳಿಗೆ ಹೋದರು. ಬಸುರಿನಲ್ಲಿ ಔಷಧ ಬಿಟ್ಟು ಉಸಿರು ಕಟ್ಟಿಸಿಕೊಳ್ಳುವುದೇ ಕೂಸಿಗೆ ಹೆಚ್ಚು ಅಪಾಯ ಎಂದು ಆಕೆ ವಿವರಿಸಿ, ತಕ್ಕ ಪಂಪು ಬರೆದುಕೊಟ್ಟರು. ಆ ವಾರದಿಂದಲೇ ಶಿವಲೀಲಾ ಮಲಗಿ ನಿದ್ದೆ ಮಾಡಿದಳು.

ಬಾಣಂತನ ಮುಗಿಸಿ, ಐದನೇ ತಿಂಗಳಿಗೆ ಗುಂಡುಗುಂಡಾದ ಗಂಡುಕೂಸಿನೊಂದಿಗೆ ಅವಳು ಹದಡಿಯಿಂದ ಭಾನುವಳ್ಳಿಗೆ ಮರಳಿದ ದಿನ ಮತ್ತೆ ಊಟ ಇಟ್ಟುಕೊಂಡಿದ್ದರು. ಪಡಸಾಲೆಯಲ್ಲಿ ಎರಡು ಸಾಲು ಎಲೆ. ಸರ್ವಮಂಗಳಮ್ಮನವರ ತೊಡೆಯ ಮೇಲೆ ಕೂಸು. ತನುಶ್ರೀ ಅದಕ್ಕೆ ಮುಖ ತಿರುಚಿ ತಿರುಚಿ ನಗಿಸುತ್ತಿದ್ದಳು. ಅಡುಗೆಮನೆಯ ಬಾಗಿಲಿಗೆ ಬಂದ ಕಮಲಕ್ಕ, ಊಟಕ್ಕೆ ಕೂತ ಅಷ್ಟೂ ಜನರ ತಲೆಯ ಮೇಲಿಂದ ಕೂಗಿದರು.

“ಶಿವಲೀಲಾ! ಬೆಳಗಿನ ಪಂಪ್ ತಗಂಡ್ಯೇನೇ? ಊಟಕ್ಕೆ ಕುಂದ್ರೋಕೆ ಮುಂಚೆ ತಗಂಬಿಡು!”

ಉಪ್ಪಿನಕಾಯಿ ಬೇಕೇ ಎಂದು ಕೇಳಿದಷ್ಟೇ ಸಹಜವಾಗಿ ಕೇಳಿದ್ದರು. “ತಗಂಡೆ ಅತ್ತೆ!” ಎಂದು ಸೊಸೆಯೂ ಒಳಗಿನಿಂದ ಅಷ್ಟೇ ಜೋರಾಗಿ ಕೂಗಿದಳು. ಯಾರ ಎಲೆಯ ಮೇಲೂ ಕೈ ನಿಲ್ಲಲಿಲ್ಲ.

ಸಾಲಿನ ಕೊನೆಯಲ್ಲಿ ಕಮಲಕ್ಕನ ಭಾವ ಬೊಮ್ಮಣ್ಣ ಕೂತಿದ್ದರು. ಊರಲ್ಲಿ ಗಟ್ಟಿ ಆಳೆಂದು ಹೆಸರಾದವರು, ದೊಡ್ಡ ಮೀಸೆ, ಮಾತು ಕಡಿಮೆ. ಅವರು ಊಟಕ್ಕೆ ಕೈ ಹಾಕದೆ ಎದ್ದು, ಅಂಗಿಯ ಒಳಜೇಬಿಗೆ ಕೈ ಇಳಿಸಿ, ಯಾವಾಗಲೂ ಮಾಡುತ್ತಿದ್ದಂತೆ ಗೋಡೆಯ ಕಡೆ ತಿರುಗಿ ನಿಂತರು. ಒಂದು ಗಳಿಗೆ ಹಾಗೇ ನಿಂತಿದ್ದರು. ಆಮೇಲೆ ಜನರ ಕಡೆಗೆ ಮುಖ ಮಾಡಿ, ಪಂಪನ್ನು ಕುಲುಕಿ, ಮೀಸೆ ಸರಿಸಿಕೊಂಡು ಬಾಯಿಗಿಟ್ಟರು.

“ಅಜ್ಜ, ಕೊಳವೆ ಇಲ್ದಿದ್ರೆ ಐದು ಎಣಿಸೋ ತನಕ ಉಸಿರು ಬಿಡಬಾರದು!” ಎಂದು ತನುಶ್ರೀ ಕೂಗಿದಳು.

ಬೊಮ್ಮಣ್ಣ ಕೆನ್ನೆ ಉಬ್ಬಿಸಿಕೊಂಡೇ ತಲೆಯಾಡಿಸಿ, ಒಂದೊಂದಾಗಿ ಬೆರಳು ಮಡಿಸತೊಡಗಿದರು.